ಹಿಮಪಾತ ಅಂದರೆ ಯಾವುದು? ಹುಬ್ಬಳ್ಳಿ-ಧಾರವಾಡದ ಒಂದು ಚಾರಣ ತಂಡದ ಪ್ರಕರಣ

ಇದು ಫೆಬ್ರುವರಿಯಲ್ಲಿ ಹಿಮಾಲಯಕ್ಕೆ ಚಾರಣಕ್ಕೆ ಹೋಗಿ, ಗುಡ್ಡದಿಂದ ಕುಸಿದ ಹಿಮಕ್ಕೆ ಸಿಕ್ಕ ಒಂಬತ್ತು ಮಂದಿಯ ಕಥೆ. ಹುಬ್ಬಳ್ಳಿ-ಧಾರವಾಡದವರು ಆರು, ಗದಗಿನವರು ಇಬ್ಬರು, ಹಾವೇರಿಯವರು ಒಬ್ಬರು. ಕೆಲಸ, ವಯಸ್ಸು ಸ್ವಲ್ಪ ಬದಲಿಸಿದ್ದೇನೆ, ಹೆಸರು ಯಾರದ್ದೂ ಕೊಟ್ಟಿಲ್ಲ. ಉತ್ತರಾಖಂಡದ ಆ ಕಣಿವೆಯ ಹೆಸರನ್ನೂ ಬಿಟ್ಟಿದ್ದೇನೆ. ಹೇಳಿದರೆ ಅಲ್ಲಿಯ ಗೈಡ್ ಯಾರು ಅಂತ ಅರ್ಧ ದಿನದಲ್ಲಿ ಗೊತ್ತಾಗಿಬಿಡುತ್ತದೆ. ಆ ಹುಡುಗನಿಗೆ ಇನ್ನೂ ಅದೇ ಕೆಲಸದಲ್ಲಿ ಹೊಟ್ಟೆ ಹೊರೆಯಬೇಕಿದೆ.

ನಾನೂ ಈ ತಂಡದ ಜೊತೆ ಭಾನುವಾರ ನೃಪತುಂಗ ಬೆಟ್ಟ ಹತ್ತುವವನೇ. ಆ ಸಲ ಮನೆಯಲ್ಲಿ ಮದುವೆ ಇದ್ದುದರಿಂದ ಹೋಗಲಿಲ್ಲ. ಅವರು ವಾಪಸು ಬಂದಮೇಲೆ ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಕೇಳಿದೆ. ಒಟ್ಟಿಗೆ ಕೂರಿಸಿದರೆ ಎಲ್ಲರೂ ಅಣ್ಣ ಹೇಳಿದ್ದಕ್ಕೆ ತಲೆ ಆಡಿಸುತ್ತಾರೆ. ಹಾಗೆ ತಲೆ ಆಡಿಸಿದ್ದರಿಂದಲೇ ಇಷ್ಟೆಲ್ಲ ಆಯಿತು. ಗಂಟೆ-ನಿಮಿಷದ ಲೆಕ್ಕವನ್ನು ಅವರ ಫೋನಿನ ಫೋಟೋಗಳಿಂದ ತೆಗೆದಿದ್ದೇನೆ. ನೆನಪಿಗಿಂತ ಅದನ್ನು ಜಾಸ್ತಿ ನಂಬಬಹುದು.

ಯಾರು, ಹೇಗೆ ಹೊರಟರು

ತಂಡದ ಮುಂದಾಳನ್ನು ಎಲ್ಲರೂ ಅಣ್ಣ ಅಂತಲೇ ಕರೆಯುತ್ತಾರೆ. ವಯಸ್ಸು ಐವತ್ತರ ಹತ್ತಿರ. ಹಿಮಾಲಯಕ್ಕೆ ನಾಲ್ಕು ಸಲ ಹೋಗಿ ಬಂದವರು. ಆ ನಾಲ್ಕೂ ಸಲ ಮೇ-ಜೂನ್ ಇಲ್ಲವೇ ಅಕ್ಟೋಬರ್. ಈ ಒಂದು ಮಾತು ಹೊರಡುವ ಮೊದಲು ಯಾರಿಗೂ ಮುಖ್ಯ ಅನ್ನಿಸಲಿಲ್ಲ. ಉಳಿದವರಲ್ಲಿ ನಿಮಗೆ ಗೊತ್ತಿರಬೇಕಾದವರು ನಾಲ್ವರು. ಹಿಂದಿ ಚೆನ್ನಾಗಿ ಬರುವ, ನಿವೃತ್ತರಾದ ಮಾಸ್ತರು. ಬ್ಯಾಂಕಿನಲ್ಲಿರುವ ಅಕ್ಕ. ಹಾವೇರಿ ಕಡೆಯ ಮೆಣಸಿನಕಾಯಿ ವ್ಯಾಪಾರಿ, ಅವರನ್ನು ಸಾವ್ಕಾರ ಅನ್ನುತ್ತಾರೆ. ಮತ್ತೆ ಗದಗಿನ ಹುಡುಗ, ಇಂಜಿನಿಯರಿಂಗ್ ಕೊನೆಯ ವರ್ಷ, ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನು.

ತಯಾರಿ ಕಮ್ಮಿ ಇತ್ತು ಅಂತ ಹೇಳಲು ಬರುವುದಿಲ್ಲ. ಮೂರು ತಿಂಗಳು ಓಡಿದರು. ಕಪ್ಪತಗುಡ್ಡದಲ್ಲಿ ಬೆನ್ನಿಗೆ ಹತ್ತು ಕಿಲೋ ಹೊತ್ತು ನಡೆದರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಚಾರಣ ಹೋಗಿದ್ದ ಕರ್ನಾಟಕದ ತಂಡದಲ್ಲಿ 9 ಮಂದಿ ತೀರಿಕೊಂಡಿದ್ದು ಎಲ್ಲರ ಮನೆಯಲ್ಲೂ ತಾಜಾ ಇತ್ತು. ಅಲ್ಲಿ ಆಗಿದ್ದು ಗಾಳಿ, ಚಳಿ, ದಾರಿ ಕಾಣದ ಮಂಜು. ಹಾಗಾಗಿ ಇವರು ಒಳ್ಳೆಯ ಜಾಕೆಟ್ ಕೊಂಡರು, ಎರಡೆರಡು ಜೊತೆ ಕೈಗವಸು ಕೊಂಡರು, ಫ್ಲಾಸ್ಕ್ ಕೊಂಡರು. ಹಿಂದಿನ ಅಪಘಾತಕ್ಕೆ ಪೂರ್ತಿ ತಯಾರಾಗಿ ಹೋದರು ಅನ್ನಬಹುದು. ಹಿಮ ಗುಡ್ಡದ ಮೇಲಿಂದ ಜಾರಿ ಬರುತ್ತದೆ ಅನ್ನುವುದರ ಬಗ್ಗೆ ಒಂದು ಸಂಜೆಯೂ ಮಾತಾಡಲಿಲ್ಲ.

ಇನ್ನು ಟಿಕೆಟ್. ದಿಲ್ಲಿಯಿಂದ ಹುಬ್ಬಳ್ಳಿಗೆ ರೈಲು, ಎಂಟನೇ ದಿನ, ಒಂಬತ್ತೂ ಟಿಕೆಟ್ ಕನ್‌ಫರ್ಮ್. ನಡುವೆ ಕೈಯಲ್ಲಿ ಒಂದೇ ದಿನ ಹೆಚ್ಚುವರಿ ಇತ್ತು. ಫೆಬ್ರುವರಿಯ ಹಿಮಾಲಯಕ್ಕೆ ಒಂದೇ ದಿನ!

ಉಂಡಿ ಕಟ್ಟಲು ಬಾರದ ಹಿಮ

ಹತ್ತಲು ಶುರು ಮಾಡುವ ಊರು ಸುಮಾರು 6,400 ಅಡಿ ಎತ್ತರದಲ್ಲಿದೆ. ಎರಡನೇ ದಿನ ಅಲ್ಲಿಂದ ಹತ್ತಿ 9,000 ಅಡಿಯ ಹತ್ತಿರ ಕಾಡಿನೊಳಗೆ ಡೇರೆ ಹಾಕಿದರು. ಆ ವರ್ಷ ಜನವರಿ ಪೂರ್ತಿ ಒಣಗಿತ್ತು. ಆಕಾಶ ಶುಭ್ರ, ರಾತ್ರಿ ವಿಪರೀತ ಚಳಿ, ನೆಲದ ಮೇಲೆ ಗೇಣುದ್ದ ಹಳೆಯ ಹಿಮ. ಹುಡುಗರು ಒಬ್ಬರ ಮೇಲೊಬ್ಬರು ಹಿಮದ ಉಂಡೆ ಎಸೆಯಲು ನೋಡಿದರು. ಆಗಲಿಲ್ಲ. ಆ ವಿಡಿಯೋ ನಾನು ನೋಡಿದ್ದೇನೆ. ಅಕ್ಕ ನಗುತ್ತ ಹೇಳುತ್ತಾರೆ: “ಪಾಕ ತಪ್ಪಿದ ಶೇಂಗಾ ಉಂಡಿ ಇದ್ದಂಗ ಐತಿ ನೋಡ್ರಿ, ಕಟ್ಟಾಕ ಬರವಲ್ದು.” ಹಿಮ ಬೊಗಸೆಯಿಂದ ಸಕ್ಕರೆಯ ಹಾಗೆ ಉದುರುತ್ತದೆ.

ಮುಂದೆ ಆಗಿದ್ದರ ಬುಡ ಈ ವಿಡಿಯೋದಲ್ಲೇ ಇದೆ. ಹಿಮ ತೆಳ್ಳಗಿದ್ದು ಮೇಲೆ ಚಳಿ ಜಾಸ್ತಿ ಇದ್ದರೆ, ನೆಲ ಮಾತ್ರ ಸೊನ್ನೆ ಡಿಗ್ರಿಯ ಆಸುಪಾಸು ಬೆಚ್ಚಗೇ ಇರುತ್ತದೆ. ಕೆಳಗಿನ ಬೆಚ್ಚನೆಯ ಆವಿ ಹಿಮದ ಕಾಳುಗಳ ಸಂದಿಯಲ್ಲಿ ಮೇಲೇರುತ್ತ ಕಾಳುಗಳ ಆಕಾರವನ್ನೇ ಬದಲಿಸುತ್ತದೆ. ವಾರಗಟ್ಟಲೆ ಹೀಗಾದರೆ ಒಂದಕ್ಕೊಂದು ಅಂಟದ ದಪ್ಪ ಹರಳುಗಳು ಉಳಿಯುತ್ತವೆ. ಅದರ ಮೇಲೆ ಎಷ್ಟು ಹೊಸ ಹಿಮ ಬಿದ್ದರೂ ಅದು ಸಡಿಲ ಕಾಳುಗಳ ಮೇಲೆ ಕೂತ ಹಾಗೆ.

ನಾನು ಇದನ್ನು ನಮ್ಮವರಿಗೆ ಹೀಗೆ ತೋರಿಸುತ್ತೇನೆ. ಊಟದ ತಾಟಿನಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತೆಳ್ಳಗೆ ಹರವಿ. ಮೇಲೆ ಒಂದು ಕಡಕ್ ರೊಟ್ಟಿ ಇಡಿ. ಈಗ ತಾಟನ್ನು ನಿಧಾನವಾಗಿ ಓರೆ ಮಾಡುತ್ತ ಹೋಗಿ. ಒಂದು ಮಟ್ಟದವರೆಗೆ ರೊಟ್ಟಿ ಅಲ್ಲಾಡುವುದಿಲ್ಲ. ಇನ್ನೊಂಚೂರು ಎತ್ತಿ ರೊಟ್ಟಿಯನ್ನು ಬೆರಳಿನಿಂದ ಮುಟ್ಟಿ. ಇಡೀ ರೊಟ್ಟಿ ಒಂದೇ ಸಲ ಜಾರುತ್ತದೆ, ಚೂರು ಚೂರಾಗಿ ಅಲ್ಲ. ಅತಿ ಹೆಚ್ಚು ಜನರನ್ನು ಕೊಲ್ಲುವ ಹಿಮಕುಸಿತ ಈ ಥರದ್ದು. ಮೇಲಿನಿಂದ ಚೆಂಡಿನ ಹಾಗೆ ಉರುಳಿ ದೊಡ್ಡದಾಗುವುದು ಸಿನಿಮಾದಲ್ಲಿ. ನಿಜದಲ್ಲಿ ನಾವು ನಿಂತ ಹಿಮದ ಹಲಗೆಯೇ ನಮ್ಮನ್ನು ಹೊತ್ತು ಜಾರುತ್ತದೆ. ಅದನ್ನು ಮುಟ್ಟುವ ಬೆರಳೂ ಹೆಚ್ಚಾಗಿ ನಮ್ಮದೇ. ಅಮೆರಿಕ, ಕೆನಡಾದ ದಾಖಲೆಗಳ ಪ್ರಕಾರ ಸಾವಾದ ಹತ್ತರಲ್ಲಿ ಒಂಬತ್ತು ಪ್ರಕರಣಗಳಲ್ಲಿ ಕುಸಿತವನ್ನು ಎಬ್ಬಿಸಿದ್ದು ಸಿಕ್ಕಿಬಿದ್ದವರು ಅಥವಾ ಅವರ ಜೊತೆಗಾರರು.

ಎರಡನೇ ದಿನ ರಾತ್ರಿ ಹಿಮ ಬೀಳಲು ಶುರುವಾಯಿತು. ಮೂರನೇ ದಿನ ಪೂರ್ತಿ, ನಾಲ್ಕನೇ ದಿನ ಮಧ್ಯಾಹ್ನದವರೆಗೆ. ತಾಟಿನಿಂದ ಬಡಿದು ಬಡಿದು ಡೇರೆಯ ಮೇಲಿನ ಹಿಮ ಕೆಡವಿದರು. ಹುಡುಗ ತನ್ನ ಊರುಗೋಲು ಚುಚ್ಚಿ ಅಳೆದ: ಎರಡೂವರೆ ಅಡಿ ಹೊಸ ಹಿಮ. ಹೊಸ ಹಿಮ ಘನ ಮೀಟರಿಗೆ 100 ಕಿಲೋ ಅಂತ ಹಿಡಿದರೂ ಪ್ರತಿ ಚದರ ಮೀಟರಿನ ಮೇಲೆ 75 ಕಿಲೋ ಹೊಸ ಭಾರ. ಎಪಿಎಂಸಿಯ 50 ಕಿಲೋ ಚೀಲ ಒಂದೂವರೆ. ಅದೂ ಎರಡು ದಿನದೊಳಗೆ, ಉಂಡಿ ಕಟ್ಟಲು ಬಾರದ ಆ ಹಿಮದ ಮೇಲೆ.

ನಾಲ್ಕನೇ ದಿನ ಸಂಜೆ ಗಾಳಿ ಎದ್ದಿತು. ಗಾಳಿ ಅಂದರೆ ಚಳಿ ಅಷ್ಟೇ ಅಂತ ತಂಡ ಅಂದುಕೊಂಡಿತು. ನಿಜದಲ್ಲಿ ಗಾಳಿ ಗುಡ್ಡದ ಒಂದು ಬದಿಯ ಹಿಮವನ್ನು ಕೆರೆದು ಮರೆಯ ಬದಿಯಲ್ಲಿ ಸುರಿಯುತ್ತದೆ. ಆಕಾಶದಿಂದ ಬೀಳುವುದಕ್ಕಿಂತ ವೇಗವಾಗಿ, ಗಟ್ಟಿಯಾಗಿ. ರಾತ್ರಿ ಹಿಮ ಬೀಳುತ್ತಿರಲಿಲ್ಲ. ಆದರೂ ಮರುದಿನ ತಂಡ ದಾಟಲಿದ್ದ ನಾಲಾದ (ಗುಡ್ಡದ ಮೇಲಿಂದ ಇಳಿಯುವ ಕೊರಕಲಿನ) ನೆತ್ತಿಯಲ್ಲಿ ಅದು ಪೇರುತ್ತಲೇ ಇತ್ತು.

ಒಂದು ಶಬ್ದ ತಪ್ಪಿದ್ದು

ಕ್ಯಾಂಪಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಹತ್ತು ನಿಮಿಷ ಮೇಲೆ ಒಂದು ಬಂಡೆಯ ಹತ್ತಿರ ಒಂದು ಕಡ್ಡಿ ಸಿಗುತ್ತಿತ್ತು. ನಾಲ್ಕನೇ ದಿನ ಸಂಜೆ ಗದಗಿನ ಹುಡುಗ ಮನೆಗೆ ಫೋನ್ ಮಾಡಲು ಅಲ್ಲಿಗೆ ಹೋದ. ಊರಿನ ಹೋಮ್‌ಸ್ಟೇ ಮಾಲೀಕರು ಕಳಿಸಿದ ವಾಟ್ಸಾಪ್ ಸಂದೇಶ ಬಂದಿತ್ತು. ಹಿಂದಿಯಲ್ಲಿತ್ತು. ಮುಂದಿನ 24 ಗಂಟೆ ಜಿಲ್ಲೆಯ ಎತ್ತರದ ಪ್ರದೇಶದಲ್ಲಿ ‘ಹಿಮಸ್ಖಲನ್’, ಅಂದರೆ ಗುಡ್ಡದಿಂದ ಹಿಮ ಕುಸಿಯುವುದು, ಆಗುವ ಸಂಭವ ಇದೆ ಅನ್ನುವ ಎಚ್ಚರಿಕೆ. ಉತ್ತರಾಖಂಡ, ಹಿಮಾಚಲ, ಕಾಶ್ಮೀರಕ್ಕೆ ಇಂಥ ಮುನ್ಸೂಚನೆ ಕೊಡುವುದು ರಕ್ಷಣಾ ಸಂಶೋಧನೆ ನಡೆಸುವ ಡಿಆರ್‌ಡಿಒಗೆ ಸೇರಿದ, ಚಂಡೀಗಢದಲ್ಲಿರುವ ಡಿಜಿಆರ್‌ಇ ಅನ್ನುವ ಸಂಸ್ಥೆ. ಜಿಲ್ಲಾಡಳಿತ ಅದನ್ನು ಕೆಳಗೆ ಹಂಚುತ್ತದೆ. ಅಂದರೆ ವ್ಯವಸ್ಥೆ ಕೆಲಸ ಮಾಡಿತ್ತು. ಎಚ್ಚರಿಕೆ ತಂಡದ ಡೇರೆಯೊಳಗೇ ಬಂದು ತಲುಪಿತ್ತು.

ಹುಡುಗ ಫೋನನ್ನು ಮಾಸ್ತರಿಗೆ ಕೊಟ್ಟ. ಮಾಸ್ತರು ಓದಿ ಎಲ್ಲರಿಗೂ ಕನ್ನಡದಲ್ಲಿ ಹೇಳಿದರು: “ಹಿಮಪಾತದ ಎಚ್ಚರಿಕೆ ಅಂತ್ರಿ.”

“ಅದು ಮುಗೀತಲ್ಲ, ಮಧ್ಯಾಹ್ನನ ನಿಂತೈತಿ,” ಅಂದರು ಅಣ್ಣ. ಎಲ್ಲರೂ ನಕ್ಕರು. ಸರ್ಕಾರದ ಸಂದೇಶ ಯಾವಾಗಲೂ ತಡ, ಅಲ್ವಾ?

ಮಾಸ್ತರು ತಪ್ಪು ಹೇಳಿದರಾ? ಪೂರ್ತಿ ತಪ್ಪು ಅನ್ನುವ ಹಾಗಿಲ್ಲ. ನಮ್ಮಲ್ಲಿ ಆಕಾಶದಿಂದ ಹಿಮ ಬೀಳುವುದಕ್ಕೂ ಹಿಮಪಾತ ಅನ್ನುತ್ತೇವೆ, ಗುಡ್ಡದಿಂದ ಹಿಮ ಕುಸಿಯುವುದಕ್ಕೂ ಎಷ್ಟೋ ಸಲ ಹಿಮಪಾತ ಅಂತಲೇ ಬರೆಯುತ್ತೇವೆ. ಪತ್ರಿಕೆಗಳಲ್ಲೂ ಎರಡೂ ಬಳಕೆ ಇದೆ. ಹಿಮವೇ ಬೀಳದ ನಾಡಿನಲ್ಲಿ ಒಂದೇ ಪದ ಸಾಕಾಗಿತ್ತು. ಮಾಸ್ತರು ಎರಡನೆಯ ಅರ್ಥದಲ್ಲಿ ಹೇಳಿದರು, ಕೇಳಿದವರು ಮೊದಲನೆಯ ಅರ್ಥದಲ್ಲಿ ಕೇಳಿದರು. ಮಾಸ್ತರು ನನಗೆ ಹೇಳಿದ್ದು: “ಅವರು ನಕ್ಕಾಗ ನನಗ ಅನುಮಾನ ಬಂತು. ಆದರ ಅಣ್ಣಾರು ನಾಕ ಸಲ ಬಂದವರು, ಅವರಿಗೆ ತಿಳೀದ ಇರ್ತೈತೇನು ಅಂತ ಸುಮ್ನಾದೆ.”

ಈಗ ನಮ್ಮ ತಂಡದಲ್ಲಿ ಹಿಮಪಾತ ಅನ್ನುವ ಪದವನ್ನೇ ಬಿಟ್ಟಿದ್ದೇವೆ. ಹಿಮ ಬಿತ್ತು, ಹಿಮ ಕುಸಿಯಿತು. ಬೇಕಾದರೆ ಹಳ್ಳಿ ಭಾಷೆ ಅನ್ನಿ.

ಆ ರಾತ್ರಿ ಡೇರೆಯಲ್ಲಿ ಇನ್ನೊಂದು ಮಾತು ಬಂತು. ಧಾರವಾಡ ಜಿಲ್ಲೆಯವರು ಹಿಮದ ಸುದ್ದಿ ಮಾತಾಡಿದರೆ ಅದು ಬಂದೇ ಬರುತ್ತದೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರು ದಿನದ ನಂತರ ಕೊಪ್ಪದ ಒಬ್ಬರೇ ಜೀವಂತ ಸಿಕ್ಕರು. ಫೆಬ್ರುವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ನಮ್ಮ ಕಡೆ ದೇವರಿಗೆ ಹರಕೆ ಹೊರದ ಮನೆ ಇರಲಿಲ್ಲ. “ನಮ್ಮ ಕೊಪ್ಪದ ಆರು ದಿನ ಬರ್ಫದಾಗ ಇದ್ದು ಬಂದ್ರಲ್ಲ,” ಅಂದರು ಯಾರೋ. ಯಾರು ಅಂತ ಈಗ ಯಾರೂ ಒಪ್ಪುವುದಿಲ್ಲ. ಮಾತಿನಲ್ಲಿ ಅಭಿಮಾನ ಇತ್ತು, ಆದರೆ ಅದು ಕೊಟ್ಟ ಧೈರ್ಯ ಸುಳ್ಳು. ಅವರು ಕುಸಿದ ಡೇರೆಯೊಳಗೆ ಗಾಳಿ ಉಳಿದ ಜಾಗದಲ್ಲಿದ್ದರು ಅಂತ ಆಗಲೇ ವರದಿಯಾಗಿತ್ತು. ಡೇರೆ ಇಲ್ಲದೆ ಬಯಲಿನಲ್ಲಿ ಹೂತುಹೋದವರ ಲೆಕ್ಕ ಬೇರೆ. ಹತ್ತು-ಹದಿನೈದು ನಿಮಿಷದೊಳಗೆ ತೆಗೆದರೆ ನೂರಕ್ಕೆ ಸುಮಾರು 90 ಮಂದಿ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು. ಬಹಳಷ್ಟು ಜನ ಸಾಯುವುದು ಚಳಿಗೆ ಅಲ್ಲ, ಉಸಿರು ಕಟ್ಟಿ.

ಬೆಳಗಿನ ಐದೂವರೆಯ ಮೀಟಿಂಗು

ಐದನೇ ದಿನ ಬೆಳಗ್ಗೆ ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. “ನೋಡ್ರಿ, ಹೆಂಗೈತಿ! ಇದಕ್ಕಿಂತ ಚಲೋ ದಿನ ಸಿಗೂದಿಲ್ಲ,” ಅಂದರು ಅಣ್ಣ. ನಮ್ಮ ಊರಿನಲ್ಲಿ ಮಳೆ ನಿಂತರೆ ಅಪಾಯ ಮುಗಿಯಿತು ಅಂತ. ಹಿಮದಲ್ಲಿ ಹಾಗಲ್ಲ. ಹೊಸ ಭಾರ ಕೂತು ಹೊಂದಿಕೊಳ್ಳಲು ಕನಿಷ್ಠ ಒಂದೆರಡು ದಿನ ಬೇಕು. ಕೆಳಗೆ ಸಕ್ಕರೆ ಪದರ ಇದ್ದರೆ ವಾರಗಳೇ ಬೇಕಾಗಬಹುದು. ದೊಡ್ಡ ಹಿಮ ನಿಂತ ಮರುದಿನದ ನೀಲಿ ಆಕಾಶಕ್ಕೇ ಹೆಚ್ಚು ಹೆದರಬೇಕು. ಆ ದಿನ ಯಾರಿಗೂ ಡೇರೆಯಲ್ಲಿ ಕೂರಲು ಮನಸ್ಸು ಬರುವುದಿಲ್ಲ.

ದಾರಿ ಮೂರಿದ್ದವು. ಬಂದ ದಾರಿಯಲ್ಲೇ ಕಾಡಿನೊಳಗೆ ಇಳಿದು ಊರಿಗೆ ವಾಪಸು. ಇಲ್ಲವೇ ಕಾಡಿನ ಅಂಚಿನಿಂದ ಗುಡ್ಡದ ಏಣು ಹಿಡಿದು ಮೇಲೆ ಹೋಗುವುದು, ಅದಕ್ಕೆ ಎರಡು ದಿನ ಬೇಕು. ಇಲ್ಲವೇ ಒಂದು ನಾಲಾ ಅಡ್ಡ ದಾಟಿ ಅದೇ ಏಣನ್ನು ನಡುವಿನಲ್ಲಿ ಸೇರಿಕೊಂಡು ತುದಿ ಮುಟ್ಟಿ ಸಂಜೆಗೆ ಮರಳುವುದು. ಹೆಚ್ಚುವರಿ ದಿನ ಆಗಲೇ ಖರ್ಚಾಗಿತ್ತು. ಎರಡು ದಿನದ ದಾರಿ ಹಿಡಿದರೆ ರೈಲು ತಪ್ಪುತ್ತದೆ. ಹೀಗೆ ಲೆಕ್ಕ ಹಾಕಿ ನಾಲಾ ಆರಿಸಿದರು. ಆ ದಾರಿಯನ್ನು ಆರಿಸಿದ್ದು ಟಿಕೆಟ್ಟು, ಅದರ ಇಳಿಜಾರು ಎಷ್ಟು ಅಂತ ಯಾರೂ ಕೇಳಲಿಲ್ಲ.

ಗೈಡ್‌ಗೆ ಇಪ್ಪತ್ತೆರಡು ವರ್ಷ. ಅಣ್ಣ ಕೇಳಿದರು, ನಾಲಾದಿಂದ ಹೋಗಬಹುದಾ? ಅವನು ಹೇಳಿದ್ದು: “ದೇಖ್ ಲೇತೇ ಹೈ, ಸರ್.” ನೋಡೋಣ ಅಂತ. ನನಗೆ ಈ ಮಾತಿನ ಮೇಲೆ ಬಹಳ ಹೊತ್ತು ಯೋಚನೆ ಬಂತು. ತನಗಿಂತ ಎರಡು ಪಟ್ಟು ವಯಸ್ಸಿನ, ದುಡ್ಡು ಕೊಡುವ, ‘ನಾಲ್ಕು ಸಲ ಬಂದಿದ್ದೇನೆ’ ಅನ್ನುವ ಸರ್‌ಗೆ ಆ ಹುಡುಗ ‘ಬೇಡ’ ಅನ್ನುವುದಕ್ಕೆ ಅವನ ಭಾಷೆಯಲ್ಲಿ ಇದ್ದ ಮಾತೇ ಅದು. ನಮ್ಮಲ್ಲೂ ಅಷ್ಟೇ ಅಲ್ವಾ? ಬೀಗರು ಸಂಬಂಧ ಕೇಳಿದಾಗ ‘ನೋಡೂಣ್ರಿ’ ಅಂದರೆ ಏನು ಅಂತ ನಮಗೆ ಬಿಡಿಸಿ ಹೇಳಬೇಕಾ?

ಗದಗಿನ ಹುಡುಗ ಮಾತ್ರ ಒಂದು ಸಲ ಬಾಯಿ ಬಿಟ್ಟ. “ನನಗ ಯಾಕೋ ಸರಿ ಅನಸವಲ್ದ್ರಿ ಅಣ್ಣಾರ.” ಯಾಕೆ ಅಂತ ಕೇಳಿದರು. ಅವನಿಗೆ ಹೇಳಲು ಬರಲಿಲ್ಲ. “ಇಷ್ಟ ದೂರ ಬಂದು ಹೊಳ್ಳಿ ಹೋಗೂದಾ?” ಅಂತ ಇನ್ನೊಬ್ಬರು ಕೇಳಿದರು. ಮೀಟಿಂಗು ಮುಗಿಯಿತು.

ನಾಲಾ

7:40ಕ್ಕೆ ಹೊರಟರು. ಇಲ್ಲಿಂದ ಮುಂದೆ ಒಂದೂಮುಕ್ಕಾಲು ಗಂಟೆಯಲ್ಲಿ ಗುಡ್ಡ ಮೂರು ಸಲ ಹೇಳಿತು.

8:35ರ ಫೋಟೋದಲ್ಲಿ ಎದುರಿನ ಗುಡ್ಡ ಇದೆ. ಬಿಳಿ ಸುಣ್ಣದ ಗೋಡೆಯನ್ನು ಉಗುರಿನಿಂದ ಗೀರಿದ ಹಾಗೆ ಅಡ್ಡಕ್ಕೆ ಒಂದು ಗೆರೆ, ಅದರ ಕೆಳಗೆ ರಾಶಿ. ರಾತ್ರಿ ಕುಸಿದ ಹಿಮ. ಅವರು ದಾಟಬೇಕಿದ್ದ ನಾಲಾ ಮುಖ ಮಾಡಿದ್ದ ದಿಕ್ಕಿಗೇ ಅದೂ ಮುಖ ಮಾಡಿತ್ತು. ಫೋಟೋ ಚೆನ್ನಾಗಿ ಬಂದಿದೆ. ಅಣ್ಣನ ವಾಟ್ಸಾಪ್ ಡಿಪಿ ಸ್ವಲ್ಪ ದಿನ ಅದೇ ಇತ್ತು.

ನಾಲಾದ ಅಂಚಿಗೆ ಬಂದಾಗ ಸಾವ್ಕಾರರು ಹೇಳಿದರಂತೆ: “ಯಾರೋ ರಸ್ತೆ ಮಾಡಾಕ ಮರ ಕಡದಂಗ ಐತಲ್ಲ.” ಎರಡೂ ಬದಿ ದಟ್ಟ ಕಾಡು, ನಡುವೆ ಒಂದು ಮರ ಇಲ್ಲ. ಮರ ಕಡಿದದ್ದು ಯಾರೂ ಅಲ್ಲ. ಮತ್ತೆ ಮತ್ತೆ ಹಿಮ ಜಾರಿ ಬರುವ ದಾರಿಯಲ್ಲಿ ಮರ ನಿಲ್ಲುವುದಿಲ್ಲ.

ಮೂರನೆಯದು ಸಪ್ಪಳ. ಅಂಚಿನ ಸಮತಟ್ಟು ಜಾಗದಲ್ಲಿ ನಾಲ್ಕೈದು ಜನ ಒಟ್ಟಿಗೆ ನಿಂತಾಗ ಕಾಲ ಕೆಳಗೆ ‘ಧಸ್’ ಅಂತ ಸದ್ದಾಗಿ ನೆಲ ಒಂದಿಷ್ಟು ಇಳಿದ ಹಾಗಾಯಿತು. ಸಾವ್ಕಾರರ ಮಾತಿನಲ್ಲೇ ಹೇಳುವುದಾದರೆ, “ಮ್ಯಾಲಿಂದ ಮೆಣಸಿನಕಾಯಿ ಚೀಲ ಒಗದಂಗ ಸಪ್ಪಳಾತು.” ಅದು ಕೆಳಗಿನ ಸಡಿಲ ಪದರ ಕುಸಿದು ಒಳಗಿನ ಗಾಳಿ ಹೊರಬಿದ್ದ ಸದ್ದು. ಸಮತಟ್ಟಿನಲ್ಲಿ ಇದ್ದುದರಿಂದ ಹಿಮ ಜಾರಲಿಲ್ಲ, ಅಷ್ಟೇ. ಈ ಸದ್ದು ಕೇಳಿದರೆ ಬೇರೆ ಪರೀಕ್ಷೆ ಬೇಕಿಲ್ಲ, ವಾಪಸು ಹೋಗಬೇಕು. ಗೈಡ್ ನಿಂತ. ಅವನ ಮುಖ ಬಿಳಿಚಿತ್ತು ಅಂತ ಅಕ್ಕ ಹೇಳುತ್ತಾರೆ. ಅವನು ಹಿಂದಿಯಲ್ಲಿ, ದೂರ ದೂರ ನಡೆಯಿರಿ ಅಂದ. ಬೇಡ ಅನ್ನಲಿಲ್ಲ.

ನಾಲಾದ ಅಗಲ ಇನ್ನೂರು ಹೆಜ್ಜೆ ಇರಬಹುದು. ಆಮೇಲೆ ನಕ್ಷೆಯಲ್ಲಿ ಅಳೆದಾಗ ಇಳಿಜಾರು 36 ಡಿಗ್ರಿ ಬಂತು. ಹಿಮದ ಹಲಗೆ ಹೆಚ್ಚಾಗಿ ಜಾರುವುದು 30ರಿಂದ 45 ಡಿಗ್ರಿಯಲ್ಲಿ. ನಮ್ಮ ಮನೆಯ ಮೆಟ್ಟಿಲುಗಳ ಓರೆ ಸಾಮಾನ್ಯವಾಗಿ 30-35 ಇರುತ್ತದೆ. ನೋಡಲು ಭಯ ಹುಟ್ಟಿಸುವ ಕಡಿದಾದ ಜಾಗ ಅದಲ್ಲ, ಹಾಗಾಗಿಯೇ ಯಾರಿಗೂ ಹೆದರಿಕೆ ಆಗಲಿಲ್ಲ.

ಮೊದಲು ಗೈಡ್ ದಾಟಿದ. ಆಮೇಲೆ ಇಬ್ಬರು ಹುಡುಗರು. ಇಲ್ಲಿ ಒಂದು ಗಂಟು ಬಿತ್ತು: ಮೂವರು ಆಚೆ, ಏಳು ಜನ ಈಚೆ. ಈಗ ಬೇಡ ಅಂದರೆ ಅವರನ್ನು ಮತ್ತೆ ದಾಟಿಸಿ ಕರೆಸಬೇಕು. ಅಣ್ಣ ನನ್ನ ಹತ್ತಿರ ಒಪ್ಪಿಕೊಂಡ ಒಂದೇ ವಿಷಯ ಇದು. ಆ ಹೊತ್ತಿಗೆ ಅವರಿಗೂ ಸರಿ ಅನ್ನಿಸುತ್ತಿರಲಿಲ್ಲವಂತೆ. ಆದರೆ ಮೂವರು ದಾಟಿದ ಹೆಜ್ಜೆ ಕಾಣುತ್ತಿತ್ತು. ದಾಟಿದ್ದಾರಲ್ಲ, ಗಟ್ಟಿ ಇದೆ ಅಂತ ಲೆಕ್ಕ ಹಾಕಿದರು. ಸಡಿಲ ಪದರ ಎಲ್ಲ ಕಡೆ ಒಂದೇ ಆಳದಲ್ಲಿ ಇರುವುದಿಲ್ಲ. ಮೂವರಿಗೆ ತಾಗದ್ದು ನಾಲ್ಕನೆಯವರಿಗೆ ತಾಗಬಹುದು.

ಅಕ್ಕ ಹೊರಟರು. ಅವರು ಪೂರ್ತಿ ದಾಟುವವರೆಗೆ ಮಾಸ್ತರು ಕಾಯಬೇಕಿತ್ತು. ಅಕ್ಕ ನಿಧಾನ ಆದರು, ಮಾಸ್ತರು ಬೇಸತ್ತು ಹಿಂದೆಯೇ ನಡೆದರು. 9:25ಕ್ಕೆ, ಬಿಸಿಲು ನಾಲಾದ ನೆತ್ತಿಗೆ ಬಿದ್ದ ಸ್ವಲ್ಪ ಹೊತ್ತಿಗೆ, ಅವರ ಮೇಲೆ ಇಪ್ಪತ್ತು ಮೀಟರ್ ದೂರದಲ್ಲಿ ಒಂದು ಬಿರುಕು ಓಡಿತು. ಬೇಸಿಗೆಯಲ್ಲಿ ಎರಿ ಹೊಲದಲ್ಲಿ ಬಿಡುವ ಬಿರುಕು ಇದ್ದ ಹಾಗೆ, ಆದರೆ ಕಣ್ಣೆದುರೇ, ಹಾವಿನ ವೇಗದಲ್ಲಿ. ಮಾಸ್ತರು ಅಂಚಿನ ಹತ್ತಿರ ಇದ್ದುದರಿಂದ ಸೊಂಟದವರೆಗೆ ಹೂತು ನಿಂತರು. ಅಕ್ಕ ಹಲಗೆಯ ಜೊತೆ ಕೆಳಗೆ ಹೋಗಿ ಕಾಣದಾದರು.

ಎಂಟು ನಿಮಿಷ

ಅಕ್ಕ ಬದುಕಿದ್ದು ಸಾವ್ಕಾರರಿಂದ. ಎಲ್ಲರೂ ಕೂಗುತ್ತಿದ್ದರು. ಅಣ್ಣ ನೇರ ಕೆಳಗೆ ಓಡಿದರು. ಮೇಲೆ ಇನ್ನೂ ಜಾರದ ಹಿಮ ಇತ್ತು, ಅದನ್ನು ನೋಡಲಿಲ್ಲ. ಸಾವ್ಕಾರರು ಮಾತ್ರ ಅಲುಗಾಡದೆ ಅಕ್ಕ ಕೊನೆಗೆ ಕಂಡ ಜಾಗದ ಕಡೆ ಬೆರಳು ಚಾಚಿ ನಿಂತರು. ನಾನು ಕೇಳಿದೆ, ಹೇಗೆ ಹೊಳೆಯಿತು ಅಂತ. “ಮಂದ್ಯಾಗ ಹುಡುಗ ತಪ್ಪಿಸಿಕೊಂಡ್ರ ಕಡೀಕ ಎಲ್ಲಿ ಕಂಡಿದ್ದ ಅನ್ನೋದನ್ನ ಬಿಡಬಾರದ್ರಿ, ಜಾತ್ರ್ಯಾಗ ಕಲತಿದ್ದು.” ಹಿಮದ ಶಾಸ್ತ್ರ ಬಲ್ಲವರು ಹೇಳುವುದೂ ಇದನ್ನೇ: ಕೊನೆಗೆ ಕಂಡ ಜಾಗ ಗುರುತಿಸು, ಅಲ್ಲಿಂದ ಕೆಳಗೆ ಹುಡುಕು.

ಆ ಗೆರೆಯ ಕೆಳಗೆ ಬ್ಯಾಗಿನ ಒಂದು ಕೆಂಪು ಪಟ್ಟಿ ಕಂಡಿತು. ತಂಡದ ಹತ್ತಿರ ಇದ್ದದ್ದು ಒಂದೇ ಸಲಿಕೆ, ಡೇರೆಯ ಜಾಗ ಹಸನು ಮಾಡಲು ಗೈಡ್‌ನ ಸಹಾಯಕ ತಂದದ್ದು. ಉಳಿದವರು ಕೈಯಿಂದ, ಟಿಫಿನ್ ಮುಚ್ಚಳದಿಂದ ಅಗೆದರು. ಹೊಸ ಹಿಮ ಹತ್ತಿಯ ಹಾಗಿರುತ್ತದೆ. ಅದೇ ಹಿಮ ಜಾರಿ ನಿಂತಮೇಲೆ ಸಿಮೆಂಟು. ಗೈಡ್ ಕೂಗಿ ಹೇಳಿ ಕೆಳಗಿನ ಬದಿಯಿಂದ ಅಡ್ಡಕ್ಕೆ ಅಗೆಯಿಸಿದ. ಮೇಲಿಂದ ಅಗೆದಿದ್ದರೆ ಹೂತವರ ಮೇಲೆಯೇ ನಿಲ್ಲುತ್ತಿದ್ದರು. ಎರಡು ಅಡಿ ಆಳದಲ್ಲಿ ಮುಖ ಸಿಕ್ಕಿತು, ಸುಮಾರು ಎಂಟು ನಿಮಿಷಕ್ಕೆ. ಬಾಯಲ್ಲಿ ಹಿಮ ತುಂಬಿತ್ತು, ಬೆರಳು ಹಾಕಿ ತೆಗೆದರು. ತುಟಿ ನೀಲಿ. ಎರಡು ಸಲ ಬಾಯಿಂದ ಉಸಿರು ಕೊಟ್ಟಮೇಲೆ ಕೆಮ್ಮಿದರು.

ಪಟ್ಟಿ ಕಾಣದೇ ಇದ್ದಿದ್ದರೆ? ಬೇರೆ ದೇಶಗಳಲ್ಲಿ ಚಳಿಗಾಲದ ಗುಡ್ಡಕ್ಕೆ ಹೋಗುವವರು ಮೂರು ಸಾಮಾನು ಬಿಡುವುದಿಲ್ಲ. 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕೊಡುವ, ಬೇರೆಯವರ ಸಂಕೇತ ಹುಡುಕುವ ಬೀಕನ್. ಹಿಮದೊಳಗೆ ಚುಚ್ಚಿ ನೋಡುವ ಮಡಚುವ ಕೋಲು. ಪ್ರತಿಯೊಬ್ಬರ ಬೆನ್ನಿಗೂ ಒಂದು ಸಲಿಕೆ. ಇವರಲ್ಲಿ ಹತ್ತು ಜಾಕೆಟ್ ಇದ್ದವು, ಬೀಕನ್ ಸೊನ್ನೆ. ಆದರೆ ಬೀಕನ್ ಕೊಂಡುಬಿಟ್ಟರೆ ಆಯಿತು ಅಂದುಕೊಳ್ಳಬೇಡಿ. ಅಭ್ಯಾಸ ಇಲ್ಲದವರ ಕೈಯಲ್ಲಿ ಅದು ಹೆಣ ಹುಡುಕುವ ಯಂತ್ರ.

ಅಕ್ಕನ ಕೊರಳ ಬುಡದ ಎಲುಬು (ಕಾಲರ್ ಬೋನ್) ಮುರಿದಿತ್ತು. ಮಲಗುವ ಚಾಪೆ, ಊರುಗೋಲು ಕಟ್ಟಿ ಕಾಡಿನ ದಾರಿಯಲ್ಲಿ ಹೊತ್ತು ಇಳಿಸಿದರು. ಊರು ಮುಟ್ಟಿದಾಗ ರಾತ್ರಿ ಒಂಬತ್ತು. ಮರುದಿನ ಡೆಹ್ರಾಡೂನಿನ ಆಸ್ಪತ್ರೆ. ನಾಲ್ಕು ದಿನ ಅಲ್ಲೇ. ಯಾವ ರೈಲು ತಪ್ಪಬಾರದು ಅಂತ ನಾಲಾ ಆರಿಸಿದರೋ ಆ ರೈಲು ಒಂಬತ್ತೂ ಜನರನ್ನು ಬಿಟ್ಟು ಹೋಯಿತು. ಅಕ್ಕನ ವಿಮೆ ಪಾಲಿಸಿಯಲ್ಲಿ ಚಾರಣ ಸೇರಿರಲಿಲ್ಲ ಅನ್ನುವುದೂ ಆಗ ಗೊತ್ತಾಯಿತು.

ಆಮೇಲೆ

ಊರಿಗೆ ಬಂದ ಮೊದಲ ವಾರ ಎಲ್ಲರೂ ಗೈಡ್‌ನನ್ನು ಬೈದರು. ನಾನು ಒಪ್ಪುವುದಿಲ್ಲ. ಅಗೆಯುವುದು ಹೇಗೆ ಅಂತ ಗೊತ್ತಿದ್ದವನು ಅವನೊಬ್ಬನೇ. ಅವನಿಗೆ ಇಲ್ಲದ್ದು ‘ಬೇಡ’ ಅನ್ನುವ ಅಧಿಕಾರ. ಅದನ್ನು ಕೊಡಬೇಕಾದವರು ನಾವು, ಅದೂ ಊರು ಬಿಡುವ ಮೊದಲೇ, ದುಡ್ಡು ಪೂರ್ತಿ ಕೊಟ್ಟು. ತುದಿ ಮುಟ್ಟದಿದ್ದರೂ ನಿನ್ನ ಹಣ ನಿನ್ನದೇ ಅಂತ ಹೇಳಬೇಕು. ಅನುಭವ ಇದ್ದವರಿಗೆ ಇದೆಲ್ಲ ಆಗುವುದಿಲ್ಲ ಅನ್ನುವವರೂ ಇದ್ದಾರೆ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಂಡಾ ಶಿಖರದಲ್ಲಿ ಹಿಮ ಕುಸಿದಾಗ ಸಿಕ್ಕಿಬಿದ್ದದ್ದು ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ. 29 ಮಂದಿಯನ್ನು ಕಳೆದುಕೊಂಡರು.

ಅಮೆರಿಕದ ಇಯಾನ್ ಮೆಕಾಮನ್ ಅನ್ನುವವರು 715 ಹಿಮಕುಸಿತದ ಅಪಘಾತಗಳನ್ನು ಜಾಲಾಡಿ, ಜನ ಎಲ್ಲಿ ಎಡವುತ್ತಾರೆ ಅಂತ 2004ರಲ್ಲಿ ಬರೆದರು. ಹಿಮದ ಜ್ಞಾನ ಇದ್ದವರೂ ಸಿಕ್ಕಿಬಿದ್ದಿದ್ದಾರೆ ಅನ್ನುವುದು ಅದರ ತಿರುಳು. ಗೊತ್ತಿರುವ ಜಾಗ ಅನ್ನುವ ಧೈರ್ಯ, ಶುರು ಮಾಡಿದ್ದನ್ನು ಮುಗಿಸುವ ಹಠ, ಮುಂದಾಳಿನ ಮೇಲೆ ಭಾರ ಹಾಕುವುದು, ಇವೇ ಉರುಳು. ಇದನ್ನು ಅಣ್ಣನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು “ನನ್ನ ಹೆಸರು ಅದರಾಗ ಐತೇನು ನೋಡು” ಅಂದರು. ಸಿಟ್ಟಿನಲ್ಲಿ ಅಂದರೋ ತಮಾಷೆಗೋ ಗೊತ್ತಾಗಲಿಲ್ಲ.

ತಂಡ ಕೆಲವು ಬದಲಾವಣೆ ಮಾಡಿಕೊಂಡಿದೆ. ಮೀಟಿಂಗಿನಲ್ಲಿ ಎಲ್ಲರಿಗಿಂತ ಚಿಕ್ಕವರು ಮೊದಲು ಮಾತಾಡಬೇಕು, ಅಣ್ಣ ಕೊನೆಗೆ. ‘ಯಾಕೆ’ ಅಂತ ಹೇಳಲು ಬಾರದಿದ್ದರೂ ‘ಬೇಡ’ ಅನ್ನಬಹುದು. ಒಬ್ಬರು ಬೇಡ ಅಂದರೆ ಎಲ್ಲರೂ ವಾಪಸು. ಇದು ಜಾಸ್ತಿ ಆಯಿತು ಅಂತ ಇಬ್ಬರು ಗೊಣಗಿದ್ದಾರೆ, ಒಬ್ಬರು ತಂಡ ಬಿಟ್ಟಿದ್ದಾರೆ. ವಾಪಸು ಟಿಕೆಟ್ಟನ್ನು ಮೂರು ದಿನ ಬಿಟ್ಟು ಮಾಡಿಸಬೇಕು. ರಜೆ ಸಿಗದವರು ಚಳಿಗಾಲದಲ್ಲಿ ಬರಬಾರದು. ಫೋನಿನಲ್ಲಿ ಓರೆ ಅಳೆಯುವ ಆ್ಯಪ್ ಎಲ್ಲರೂ ಹಾಕಿಕೊಂಡಿದ್ದಾರೆ. ಹುಡುಗರು ನೃಪತುಂಗ ಬೆಟ್ಟದಲ್ಲಿ ಕಂಡಕಂಡ ಮೆಟ್ಟಿಲಿಗೆಲ್ಲ ಹಿಡಿದು ನೋಡುತ್ತಾರೆ.

ಅಕ್ಕನಿಗೆ ಎಡಗೈ ಇನ್ನೂ ಪೂರ್ತಿ ಮೇಲೆತ್ತಲು ಬರುವುದಿಲ್ಲ. ಭಾನುವಾರ ಬರುತ್ತಾರೆ, ಅರ್ಧ ಹತ್ತಿ ಕೂರುತ್ತಾರೆ.

ಹೋದ ತಿಂಗಳು ಮುಂದಿನ ಪ್ರವಾಸದ ಮಾತು ಬಂತು. ನಿಯಮದ ಪ್ರಕಾರ ಗದಗಿನ ಹುಡುಗ ಮೊದಲು ಮಾತಾಡಿದ, ಫೆಬ್ರುವರಿ ಬ್ಯಾಡ್ರಿ ಅಂದ. ಮಾಸ್ತರು, ಸಾವ್ಕಾರರು ಹೂಂ ಅಂದರು. ಕೊನೆಗೆ ಅಣ್ಣ, “ಹಂಗಾರ ಅಕ್ಟೋಬರ್” ಅಂದರು.

“ದ್ರೌಪದಿ ಕಾ ಡಂಡಾ ಅಕ್ಟೋಬರದಾಗ ಆಗಿದ್ದಲ್ರಿ ಅಣ್ಣಾರ?” ಅಂದ ಹುಡುಗ.

ಟಿಕೆಟ್ ಇನ್ನೂ ಬುಕ್ ಆಗಿಲ್ಲ.